ಮೊದಲ ಕಡವೆಯ ರಿವರ್ಸ್ ಗೇರು

ಸತ್ಯಮಂಗಲ, ತುಮಕೂರು
೨೪-೧೦-೧೯೯೯, ಭಾನುವಾರ

ಪ್ರೀತಿಯ ತಮ್ಮ ತಿಮ್ಮೇಶನಿಗೆ,

ಅಕ್ಕನ ಆಶೀರ್ವಾದ. ತ್ರಿವೇಣಿ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು, ಉತ್ತರ ಬರೆಯಲು ಆಗಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಮನೆಯಲ್ಲಿ ಫೋನ್ ಇಟ್ಟುಕೊಂಡು ಈ ಅಕ್ಕ ಕಾಗದ ಯಾಕೆ ಬರೆಯುತ್ತಾಳೆ ಎಂದು ತ್ರಿವೇಣಿಯ ಮುಂದೆ ನಗಲೂ ಬೇಡ. ಫೋನಿನಲ್ಲಿ ನಾನು ನಾಲ್ಕು ಮಾತಾಡುವುದರೊಳಗೆ ನೀನು "ಹ್ಞೂಂ ಅಕ್ಕ, ನೀನ್ ಹೇಳ್ದಂಗೇ ಆಗ್ಲಿ" ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯವರೆಗೂ ಓದುತ್ತೀಯ ಎಂಬ ಆಸೆ.

ಜ್ವರ ಹೇಗಿದೆ? ಆಯುಧಪೂಜೆಗೆ ನೀನು ಬರಲಿಲ್ಲವೆಂದು ಎಲ್ಲರೂ ಕೇಳಿದರು. ನಿನ್ನ ಹತ್ತಿರ ಇರುವ ಮೊದಲ ಕಡವೆ ಜೀಪನ್ನು ಪೂಜೆಗೆ ತರಲು ನಮ್ಮ ಹಳೇ ಮೆಕ್ಯಾನಿಕ್ ಕಾಳಯ್ಯ ಬಸ್ಸಿನಲ್ಲಿ ಕುಣಿಗಲ್‌ಗೆ ಬಂದಾಗ ನೀನು ಮನೆಯಲ್ಲಿರಲಿಲ್ಲವಂತೆ, ತ್ರಿವೇಣಿಯೇ ಕೀ ಕೊಟ್ಟಳಂತೆ. ಜ್ವರ ಇಟ್ಟುಕೊಂಡು ಎಲ್ಲಿ ಅಲೆಯುತ್ತೀಯೋ? ಚಿಕ್ಕಂದಿನಲ್ಲೂ ಹಾಗೇ, ಮೈ ಕೆಂಡದ ಹಾಗೆ ಸುಡುತ್ತಿದ್ದರೂ ಕೆರೆ ಏರಿಯ ಮೇಲೆ ನಿಂತಿರುತ್ತಿದ್ದೆ. ನಾನು ಕಿವಿ ಹಿಡಿದು ಎಳೆದುಕೊಂಡು ಬರಬೇಕಾಗಿತ್ತು.

ಇಲ್ಲಿಯ ಸಮಾಚಾರ ಏನು ಹೇಳಲಿ. ನಿಮ್ಮ ಭಾವ ಹೋಗಿ ಮೂರು ವರ್ಷವಾಯಿತು. ಅವರಿದ್ದಾಗ ಈ ಶೆಡ್ಡಿನಲ್ಲಿ ಕೂಗಿ ಮಾತಾಡದಿದ್ದರೆ ಕೇಳುತ್ತಿರಲಿಲ್ಲ. ಈಗ ಪಕ್ಕದ ಕಾರ್ಖಾನೆಯ ಸೈರನ್ನು ನಮ್ಮದೇ ಅನ್ನುವಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. ಮಾರಾಟವಾಗದ ಕಡವೆ ಜೀಪುಗಳು ಕಾಂಪೌಂಡಿನಲ್ಲಿ ಟಾರ್ಪಾಲು ಹೊದ್ದು ನಿಂತಿವೆ, ಚಕ್ರದ ಸುತ್ತ ಹುಲ್ಲು ಬೆಳೆದಿದೆ. ತೆಂಗಿನ ತೋಟದ ಬದುವಿನಿಂದ ಬದುವಿಗೆ ಹಾರಲಿ, ಕಾಯಿ ಹೇರಿಕೊಂಡು ಕೆಸರಿನಲ್ಲೂ ನಡೆಯಲಿ ಎಂದು ಅವರು ಮಾಡಿದ ಗಾಡಿ. ಈಗ ಆ ಕೆಲಸಕ್ಕೂ ದೊಡ್ಡ ಕಂಪನಿಗಳ ಅಗ್ಗದ ಗಾಡಿಗಳು ಬಂದಿವೆ. ಹೊಗೆಯ ಕಾನೂನು ಬೇರೆ ಬಿಗಿಯಾಗುತ್ತದಂತೆ. ಮೊನ್ನೆ ವೆಲ್ಡಿಂಗ್ ಹುಡುಗರೆಲ್ಲ ಬಂದು, "ಅಮ್ಮಾ, ದೀಪಾವಳಿ ಆದ್ಮೇಲೂ ಕೆಲ್ಸಕ್ಕೆ ಬರ್ಬೇಕಾ?" ಎಂದು ಕೇಳಿದರು. ಬನ್ನಿ ಎಂದೆ. ಯಾವ ಬಾಯಿಂದ ಹಾಗಂದೆನೋ ನನಗೇ ಗೊತ್ತಿಲ್ಲ.

ಅದಕ್ಕೇ ನನಗೆ ಕಂಪನಿ ಕೊಳ್ಳಲು ಮುಂದೆ ಬಂದಿರುವ ಹಾಸನದ ಶಿವರಾಮಯ್ಯನವರ ಮೇಲೆ ಆಸೆ. ನಿಮ್ಮ ಭಾವನ ಜೊತೆ ಓದಿದವರು, ವರ್ಕ್‌ಶಾಪು ನಡೆಸಿ ಅನುಭವ ಇರುವವರು. ಹೆಚ್ಚು ದುಡ್ಡು ಕೊಡುವ ಶಕ್ತಿ ಅವರಿಗಿಲ್ಲ, ಆದರೆ ಹೆಸರೂ ಜನವೂ ಹೀಗೇ ಇರಲಿ, ಜೀಪು ಇಲ್ಲೇ ತಯಾರಾಗಲಿ ಅನ್ನುತ್ತಾರೆ. ನಮ್ಮನ್ನು ಕೊಳ್ಳಲು ನೋಡುತ್ತಿರುವ ಆ ಮುಂಬೈ ಕಂಪನಿಯವರದು ಬೇರೆ ಲೆಕ್ಕ. ಗುಬ್ಬಿಯ ಡೀಲರ್ ಗುಂಡಯ್ಯ ಸಂತೆಯ ದಿನ ಬಂದು ಕೂತು ಹೇಳಿದ: "ಅಕ್ಕಾ, ಅವ್ರು ಜೀಪ್ ಮಾಡಕ್ ಬರ್ತಿಲ್ಲ ಕಣಕ್ಕ. ಕಡವೆ ಅನ್ನೋ ಹೆಸ್ರು ಕಿತ್ಕಂಡೋಗಿ ತಮ್ ಗಾಡಿಗೆ ಅಂಟಿಸ್ತಾರೆ, ಶೆಡ್ಗೆ ಬೀಗ ಜಡೀತಾರೆ. ಈ ಜಾಗ ಗೋಡೌನ್ ಆಯ್ತದೆ." ಅಷ್ಟು ಹೇಳಿ, ತನ್ನ ಅಂಗಡಿಯ ಕಡವೆ ಬೋರ್ಡನ್ನು ಆಗಲೇ ಇಳಿಸಿದ್ದಾನೆಂದು ತಲೆ ಬಗ್ಗಿಸಿಕೊಂಡು ಒಪ್ಪಿಕೊಂಡ. ನಾನು ಬಯ್ಯಲಿಲ್ಲ, ಕಾಫಿ ಕೊಟ್ಟು ಕಳಿಸಿದೆ.

ಕಂಪನಿಯಲ್ಲಿ ಅರ್ಧ ನನ್ನದು, ಅರ್ಧ ನಿನ್ನದು. ನಿಮ್ಮ ಭಾವ ಮೊದಲ ದಿನವೇ ಹಾಗೆ ಬರೆಸಿದರು. "ನಿನ್ ತಮ್ಮ ಬರೀ ಬಾಮೈದ ಅಲ್ಲ ಕಣೇ, ನನ್ ಬಲಗೈ" ಅನ್ನುತ್ತಿದ್ದರು. ಆದ್ದರಿಂದ ಒಬ್ಬರು ಒಪ್ಪಿ ಇನ್ನೊಬ್ಬರು ಒಪ್ಪದಿದ್ದರೆ ಶಿವರಾಮಯ್ಯನವರು ಕೈ ಹಾಕುವುದಿಲ್ಲ. ನಾಳೆಯಲ್ಲ, ಆಚೆ ಸೋಮವಾರ, ಒಂದನೇ ತಾರೀಖು, ಅವರು ವಕೀಲರ ಜೊತೆ ಬರುತ್ತಾರೆ. ನೀನು ಇರಲೇಬೇಕು.

ಪೂಜೆಯ ದಿನದ ಒಂದು ವಿಶೇಷ ಬರೆಯುತ್ತೇನೆ. ಮುಂಬೈಯವರ ಕಡೆಯ ಒಬ್ಬ, ಕೋಟು ಹಾಕಿದವನು, ನಿಮ್ಮ ಪೂಜೆ ನೋಡುತ್ತೇನೆಂದು ತಾನೇ ಬಂದ. ಹಬ್ಬದ ದಿನ ಬಂದವನನ್ನು ಹೇಗೆ ಕಳಿಸುವುದು? ಮಂಗಳಾರತಿಯಾಗುವ ತನಕ ಅವನು ದೇವರನ್ನು ನೋಡಲಿಲ್ಲ, ಸೂರನ್ನು ನೋಡಿದ. ಕಾಂಪೌಂಡಿನ ಉದ್ದಕ್ಕೂ ಒಂದೊಂದೇ ಹೆಜ್ಜೆ ಹಾಕಿ ಅಳೆದ. ಅವನು ಹೋದಲ್ಲೆಲ್ಲ ನಮ್ಮ ಹುಡುಗರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು, ಆಗಲೇ ಅವನೇ ಯಜಮಾನ ಅನ್ನುವ ಹಾಗೆ.

ಅದನ್ನು ನೋಡಿ ನನಗೆ ಸಿಟ್ಟು ಬಂತು. ನನ್ನ ಸಿಟ್ಟು ನಿನಗೆ ಗೊತ್ತಲ್ಲ. ಮೊದಲ ಕಡವೆಯನ್ನು ಪ್ರತಿ ವರ್ಷದಂತೆ ಗೋಡೆಗೆ ಮೂತಿ ಮಾಡಿ ನಿಲ್ಲಿಸಿ, ಹೂವು ಹಾಕಿ, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದೆವು. ಅದನ್ನು ರಿವರ್ಸಿನಲ್ಲಿ ಆಚೆ ತೆಗೆಯುವುದು ಭಾವನ ನಂತರ ನಿನ್ನ ಕೆಲಸ. ಅವರು ಆ ಮೊದಲ ಗಾಡಿಯ ಗೇರಿನ ತುಂಡನ್ನು ತಿರುಗಾಮುರುಗಾ ಕೂರಿಸಿಬಿಟ್ಟು, ಸರಿಮಾಡಲು ಮನಸ್ಸು ಬಾರದೆ ಹಾಗೇ ಬಿಟ್ಟರಲ್ಲ. ಗೇರಿನ ಕಡ್ಡಿಯನ್ನು ಮೇಲೆತ್ತಿ, ಮೊಣಕಾಲಿನಿಂದ ಎಡಕ್ಕೆ ನೂಕಿ, ಅಂಗೈಯಿಂದ ಒತ್ತಬೇಕು. ಗೊತ್ತಿಲ್ಲದವರು ಹಾಕಿದರೆ ಮುಂದಕ್ಕೆ ಹಾರುತ್ತದೆ. ಈ ಕೋಟಿನವನು ಒಮ್ಮೆ ಗೋಡೆಗೆ ಒರಗಿಸಿದ್ದ ಹಳೇ ಟೈರುಗಳಿಗೆ ಗುದ್ದಲಿ, ಎಲ್ಲರ ಮುಂದೆ ಮುಖ ಸಣ್ಣದಾಗಲಿ ಎಂಬ ಕೆಟ್ಟ ಆಸೆ ನನಗೆ. "ನೀವೇ ತೆಗೀರಿ ಸಾರ್, ಅತಿಥಿಗಳು" ಎಂದು ಕೈ ತೋರಿಸಿ ಕೀ ಕೊಟ್ಟೆ. ಕಾಳಯ್ಯ ಬಾಯಿಗೆ ಟವೆಲ್ಲು ಅಡ್ಡ ಹಿಡಿದು ನಗು ತಡೆದುಕೊಂಡಿದ್ದ.

ಅವನು ಹತ್ತಿ ಕೂತ. ಕಡ್ಡಿ ಮೇಲೆತ್ತಿದ, ಮೊಣಕಾಲು ಕೊಟ್ಟ, ಒತ್ತಿದ. ಜೀಪು ಚೂರೂ ಕುಲುಕದೆ ಹಿಂದಕ್ಕೆ ಬಂತು, ನಾಲ್ಕೂ ನಿಂಬೆಹಣ್ಣು ಪಟಪಟನೆ ಒಡೆದವು. ಹುಡುಗರು ಚಪ್ಪಾಳೆ ತಟ್ಟಿದರು. ಕಾಳಯ್ಯ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಪ್ರಸಾದವನ್ನೂ ತೆಗೆದುಕೊಳ್ಳದೆ ಗೇಟಿನ ಆಚೆ ಹೋಗಿ ಕೂತುಬಿಟ್ಟ.

ಇರಲಿ. ನಿನ್ನ ಆರೋಗ್ಯ ನೋಡಿಕೋ. ಮಕ್ಕಳನ್ನು ದೀಪಾವಳಿಗೆ ಕಳಿಸು, ಕಜ್ಜಾಯ ಮಾಡುತ್ತೇನೆ. ನಮ್ಮ ಮನೆದೇವರು ನಿನ್ನ ಹೊಸ್ತಿಲು ಕಾಯಲಿ, ನಿನಗೂ ತ್ರಿವೇಣಿಗೂ ಒಳ್ಳೆಯ ನಿದ್ದೆ ಕೊಡಲಿ.

ಇಂತಿ ನಿನ್ನ ಅಕ್ಕ,
ಸಿದ್ದಗಂಗಮ್ಮ

ತಾ.ಕ.: ಬರೆಯಬಾರದೆಂದೇ ಸಹಿ ಹಾಕಿದೆ. ಕವರಿಗೆ ಅಂಟು ಹಚ್ಚಲು ಹೋಗಿ ಆಗದೆ ಮತ್ತೆ ಕೂತಿದ್ದೇನೆ. ಆ ಕೋಟಿನವನಿಗೆ ಕನ್ನಡದ ಒಂದಕ್ಷರ ಬರುವುದಿಲ್ಲ ಕಣೋ. ಆದರೂ ಗೇರು ಹಾಕುವ ಮುಂಚೆ ಡ್ಯಾಶ್‌ಬೋರ್ಡನ್ನು ಎರಡು ಸಲ ತಟ್ಟಿ, "ಏಳವ್ವ, ಏಳು" ಅಂದ. ನಿನ್ನದೇ ರಾಗ. ಭಾವನಿಂದ ನೀನು ಕಲಿತ ರಾಗ. ಆ ಗೇರು ಗೊತ್ತಿರುವವರು ಈಗ ನಾನು, ಕಾಳಯ್ಯ, ನೀನು. ಸಾಯಂಕಾಲ ಕಾಳಯ್ಯ ಬಂದು ನನ್ನ ಮುಖ ನೋಡದೆ ಹೇಳಿದ: "ಅಮ್ಮಾರೆ, ಅವ್ನು ಕುಣಿಗಲ್‌ನಾಗೆ ಅದೇ ಗಾಡಿ ಹೊಡ್ದವ್ನೆ. ಪಕ್ಕದಾಗೆ ಕುಂತು ಯಾರೋ ಹೇಳ್ಕೊಟ್ಟವ್ರೆ."

ನಿನ್ನ ಅರ್ಧ ನಿನ್ನದು ತಿಮ್ಮೇಶ. ಮಾರಬೇಕಿದ್ದರೆ ಮಾರಿಕೋ. "ಅಕ್ಕಾ, ನನ್ನಿಂದ ಆಗಲ್ಲ, ದುಡ್ಡು ಬೇಕು" ಅಂದಿದ್ದರೆ ಅತ್ತಾದರೂ ಒಪ್ಪುತ್ತಿದ್ದೆ. ಆದರೆ "ಏಳವ್ವ, ಏಳು" ಅನ್ನುವ ಆ ಮಾತು ನಿನ್ನದಾಗಿರಲಿಲ್ಲವಲ್ಲ, ಅದನ್ನೂ ಯಾಕೆ ಕೊಟ್ಟೆ? ಏಳು ದಿನದಿಂದ ಕಣ್ಣು ಮುಚ್ಚಿದರೆ ನಿಮ್ಮ ಭಾವನ ಮಾತು ಆ ಕೋಟಿನವನ ಬಾಯಲ್ಲೇ ಕೇಳುತ್ತದೆ, ಅವರ ದನಿ ನೆನಪಿಗೆ ಬರುತ್ತಿಲ್ಲ.

ಮೊದಲ ಕಡವೆ ಕುಣಿಗಲ್‌ಗೆ ವಾಪಸು ಬರುವುದಿಲ್ಲ. ಕಾಳಯ್ಯ ಗೇರಿನ ಕಡ್ಡಿ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದಾನೆ, ದೇವರ ಮುಂದೆ ಇಟ್ಟಿದ್ದೇನೆ. ಸೋಮವಾರ ಶಿವರಾಮಯ್ಯನವರ ಎದುರಿನ ಕುರ್ಚಿ ನಿನಗಾಗಿ ಖಾಲಿ ಇರುತ್ತದೆ. ಜ್ವರ ಬಿಟ್ಟಿದ್ದರೆ ಬಾ.