ಎಐಗೆ ಹೇಳಿದ ನಗು

ಇಲೊಯಿಲೊ, ಭಾನುವಾರ

ಲೂರ್ದೆಸ್,

ಮನೆಯಲ್ಲಿ ಎಲ್ಲ ಸೌಖ್ಯ. ಮನಿಲಾದಿಂದ ಬರುವಾಗ ನನ್ನ ಛತ್ರಿ ಮರೆಯದೆ ತಾ.

ಚಂಡಮಾರುತದಲ್ಲಿ ಗಂಡಂದಿರನ್ನು ಕಳೆದುಕೊಂಡ ಹೆಂಗಸರ ಮಾತುಗಳ ರೆಕಾರ್ಡಿಂಗನ್ನು ನಿನ್ನ ಸಂಶೋಧನೆಗಾಗಿ ಊಟವಾದ ಮೇಲೆ ನಾವಿಬ್ಬರೂ ಕೂತು ಕೇಳುತ್ತಿದ್ದೆವು. ಈಗ ಅಷ್ಟನ್ನೂ ಎಐಗೆ ಕೊಡುತ್ತೀಯ. ಅನ್ನ ಬೇಯುವುದರೊಳಗೆ ಯಾವ ಮಾತಿನಲ್ಲಿ ಯಾವ ಭಾವ ಎಂದು ಅದು ವಿಂಗಡಿಸಿ ಮುಗಿಸುತ್ತದೆ. "ಎಷ್ಟು ಜಾಣ ನೋಡು, ಒಂದ್ಸಲಾನೂ ಆಕಳಿಸಲ್ಲ," ಅಂದೆ ನೀನು. ನಾನು ಆಕಳಿಸುತ್ತಿದ್ದದ್ದು ನಿಜ. ಎದ್ದು ನಿನಗೆ ಕಾಫಿ ಮಾಡಿಕೊಡುತ್ತಿದ್ದವನೂ ನಾನೇ, ಅದಿರಲಿ.

ಎಲ್ಲಾದರೂ ಎಡವಿರುತ್ತದೆ ಎಂಬ ಆಸೆಯಿಂದ ನೀನು ಮನೆಯಲ್ಲೇ ಬಿಟ್ಟುಹೋದ ಕಂಪ್ಯೂಟರನ್ನು ನಿನ್ನೆ ತೆರೆದೆ. ಮೀನು ಮಾರುವ ನೆನಿತಾ ಅಜ್ಜಿ ಗಂಡ ಸತ್ತದ್ದನ್ನು ಹೇಳುತ್ತ ಹೇಳುತ್ತ ನಗುತ್ತಾಳಲ್ಲ, ಅದನ್ನು ಸಂತೋಷವೆಂದು ಬರೆದಿರುತ್ತದೆ ಅಂದುಕೊಂಡಿದ್ದೆ. ದುಃಖವೆಂದು ಸರಿಯಾಗಿಯೇ ಬರೆದಿತ್ತು. ಹೇಗಪ್ಪಾ ಎಂದು ಪರದೆಯನ್ನು ಮೇಲಕ್ಕೆ ಸರಿಸಿ ನೋಡಿದರೆ, ನೀನೇ ಅದಕ್ಕೆ ಹೇಳಿಕೊಟ್ಟಿದ್ದೆ: "ನಮ್ಮ ಕಡೆಯವರು ದುಃಖ ತಡೆಯೋಕಾಗದೆ ಇದ್ರೆ ನಗ್ತಾರೆ. ನಮ್ಮತ್ತೆ ಗಂಡನ ಶವಪೆಟ್ಟಿಗೆ ಮುಂದೆ ನಿಂತು ನಕ್ಕಿದ್ರಂತೆ."

ನನ್ನಮ್ಮನ ಆ ನಗುವಿನ ವಿಷಯವನ್ನು ದೀಪ ಆರಿಸಿದ ಮೇಲೆ ನಿನ್ನೊಬ್ಬಳಿಗೇ ಹೇಳಿದ್ದೆ, ಲೂರ್ದೆಸ್.

ಹೋಗಲಿ ಬಿಡು. ಫೋನಿನಲ್ಲಿ ಹೇಳಲಾರದೆ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಫೋನಿನಲ್ಲಿ ನೀನು "ಏನಪ್ಪಾ, ಮಿಷನ್ ಮೇಲೂ ಹೊಟ್ಟೆಕಿಚ್ಚಾ?" ಅಂದಾಗ ನಾನು ಜೋರಾಗಿ ನಕ್ಕೆನಲ್ಲ, ಅದನ್ನಾದರೂ ಅದಕ್ಕೆ ಹೇಳಬೇಡ.

ನಿನ್ನ
ಕ್ರಿಸಾಂತೊ