ಪೇತ್ರನ ಕುರ್ಚಿ

೨ ಏಪ್ರಿಲ್ ೨೦೨೬, ಪವಿತ್ರ ಗುರುವಾರ

ಚರ್ಚಿನಲ್ಲಿ ನನ್ನ ಕುರ್ಚಿಯಲ್ಲಿ ಇವತ್ತು ನಮ್ಮೂರ ಇನ್ನಾಸಪ್ಪ ಕೂತನಂತೆ. ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಫಾದರ್ ನಮ್ಮ ಪಾದ ತೊಳೆಯುವ ಪೂಜೆಯಲ್ಲಿ ಹನ್ನೊಂದು ವರ್ಷದಿಂದ ಶಿಷ್ಯ ಪೇತ್ರ ನಾನೇ. ಹನ್ನೆರಡು ಮಂದಿ ಶಿಷ್ಯರಲ್ಲಿ ನನ್ನಷ್ಟು ಚೊಕ್ಕ ಕಾಲು ಯಾರದೂ ಇಲ್ಲ. ಫಾದರ್ ಕೈಗೆ ಕೊಳೆ ಹತ್ತಬಾರದೆಂದು ಮಧ್ಯಾಹ್ನವೇ ಸೋಪು ಹಾಕಿ ಉಜ್ಜಿ, ಸಾಕ್ಸ್ ಏರಿಸಿ ಬೈಕಿನಲ್ಲಿ ಹೊರಟಿದ್ದೆ.

ಹುಲ್ಲಹಳ್ಳಿ ನಾಲೆ ಏರಿಯ ಮೇಲೆ ಪಕ್ಕದ ಮನೆ ಮುತ್ತಮ್ಮಕ್ಕ ಕೂತಿದ್ದಳು. ಕಬ್ಬಿನ ಕೂಳೆ ಚುಚ್ಚಿ ಅಂಗಾಲು ಸೀಳಿತ್ತು, ಮೈಯೆಲ್ಲ ಕೆಸರು. ಅಷ್ಟರಲ್ಲಿ ಚರ್ಚಿನ ಗಂಟೆ ಹೊಡೆಯಿತು. ನಾಲ್ಕು ಮಾರು ಮುಂದೆ ಹೋದೆ, ಸುಳ್ಳು ಬರೆಯುವುದಿಲ್ಲ. ಆಮೇಲೆ ಬೈಕು ನಿಲ್ಲಿಸಿ, ತಿರುಗಿ ಬಂದು ಅವಳ ಕಾಲ ಬಳಿ ಕೂತೆ. ಫಾದರ್ ಕನಿಕರ ಅನ್ನುವುದು ಇದಕ್ಕೇ ಇರಬೇಕು.

"ಓಗಪ್ಪ ಚೌರಪ್ಪ, ನಿಂಗೆ ವೊತ್ತಾಯ್ತದೆ."

"ಸುಮ್ಕಿರಕ್ಕ, ಪೇತ್ರನೇ ತೊಳಿತಾವ್ನೆ. ಪುಣ್ಯ ಮಾಡಿದ್ದೆ ನೀನು."

ಬಾಟ್ಲಿ ನೀರಲ್ಲಿ ತೊಳೆದು, ಹೊಸ ಟವೆಲ್ ಸುತ್ತಿದೆ. ಅವಳು ಮೊದಲು ನಕ್ಕಳು. ಆಮೇಲೆ, "ನಮ್ಮವ್ವ ತೀರೋದ್ಮೇಲೆ ನನ್ ಕಾಲ್ ಯಾರೂ ಮುಟ್ಟಿರ್ನಿಲ್ಲ ಕಣಪ್ಪ," ಎಂದು ಅತ್ತಳು. ಟವೆಲ್ ಇನ್ನೊಂದು ಸುತ್ತು ಬಿಗಿದು ಅವಳನ್ನು ಬೈಕಿಗೆ ಹತ್ತಿಸಿದೆ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿ ಬರುವಷ್ಟರಲ್ಲಿ ಪೂಜೆ ಮುಗಿದಿತ್ತು. ಇನ್ನಾಸಪ್ಪ ಕೇಳಿದರೆ ಬೈಕು ಕೆಟ್ಟಿತ್ತು ಅನ್ನಬೇಕು. ಇದೊಂದನ್ನಾದರೂ ಜಂಬ ಕೊಚ್ಚದೆ ಇಟ್ಟುಕೊಳ್ಳಬೇಕು. ಈಸ್ಟರ್‌ವರೆಗಾದರೂ ಈ ಬಾಯಿ ಮುಚ್ಚಿಕೊಂಡಿದ್ದರೆ ಸಾಕು.