ಸೊಲ್ಲಿಗೆ ಬಿಟ್ಟ ಜಾಗ

೧೨-೨-೧೯೮೩, ಶನಿವಾರ

ಈ ಹಾಡುಗಳ ಸುದ್ದಿ ಮೊದಲು ಹೇಳಿದವನು ರೇಡಿಯೋ ರಿಪೇರಿಯ ಟಿಪ್ಪುಸಾಬ, ಮೊನ್ನೆ ಗಂಗಾವತಿಯಲ್ಲಿ. ವಿರೂಪಾಪುರಗಡ್ಡೆಯಲ್ಲಿ ಇಳಿದುಕೊಂಡಿರುವ ಪರದೇಶದ ಹುಡುಗಿಯೊಬ್ಬಳು ಕೊಟ್ಟ ಕ್ಯಾಸೆಟ್ಟಂತೆ. "ಕಂಪನಿ ಗಿಂಪನಿ ಏನಿಲ್ಲರಿ ಕಾಕಾ. ಗೆಳತ್ಯಾರು ಕೂಡಿ ತಾವೇ ಹಾಡಿ ತಾವೇ ತುಂಬ್ಯಾರ. ಒಂದೊಂದ್ ಹಾಡು ಚಾ ಆರೂದ್ರಾಗ ಮುಗೀತೈತಿ."

ನಿನ್ನೆ ಸಂಜೆ ನಮ್ಮ ಕಟ್ಟೆಗೆ ತಂದು ಹಚ್ಚಿದ. ಗಿಟಾರು, ಪಿಟೀಲು, ಜೊತೆಗೆ ಆಳೆತ್ತರದ ಇನ್ನೊಂದು ಪಿಟೀಲು. ಅದರ ದನಿ ಎಮ್ಮೆ ಕರುವನ್ನು ಕರೆದಂತೆ. ಕ್ಯಾಸೆಟ್ಟಿನೊಳಗಿನ ಹುಡುಗಿ ಮೆಲ್ಲಗೆ ಒಂದು ಸಾಲು ಹಾಡಿ ಸುಮ್ಮನಾಗುತ್ತಾಳೆ. ಆ ಜಾಗದಲ್ಲಿ ಪಿಟೀಲು ಮಾತಾಡುತ್ತದೆ.

ಪಕ್ಕದ ಮನೆಯ ರಾಜಾಬೀ ನಕ್ಕಳು. "ಯವ್ವಾ, ಉಣ್ಣಾಕ ಹಾಕಿಲ್ಲೇನ ಇಕಿಗಿ? ದನೀನ ಏಳವಲ್ದು!"

ಚಿಗವ್ವ ದುರುಗವ್ವ ನಗಲಿಲ್ಲ. "ಸುಮ್ನಿರ ರಾಜಾಬೀ. ಸೊಲ್ಲಿಗೆ ಜಾಗ ಬಿಟ್ಟಾಳ."

ಕಲ್ಲಿನಲ್ಲಿ ಬೀಸುವಾಗ ಒಬ್ಬಳು ಹಾಡಿದರೆ ಎದುರಿನವಳು ಸೊಲ್ಲು ಹಿಡಿಯಬೇಕು, ಮರುಸಾಲು ಎತ್ತಬೇಕು. ಎದುರಿಗೆ ಕೂರುತ್ತಿದ್ದ ಅವಳ ಓರಗಿತ್ತಿ, ನೆಗೆಣ್ಣಿ ಮುದಕಮ್ಮ ತೀರಿದ ಮೇಲೆ ಚಿಗವ್ವ ಹಾಡಿಗೆ ಬಾಯಿ ತೆರೆದವಳಲ್ಲ. ಜೋಳ ಗಿರಣಿಗೆ ಹೋಗುತ್ತಿತ್ತು.

ಕ್ಯಾಸೆಟ್ಟಿನಲ್ಲಿ ಮುಂದಿನ ಜಾಗ ಬಂದಾಗ ಚಿಗವ್ವ ಸೊಲ್ಲು ಎತ್ತಿಯೇಬಿಟ್ಟಳು! ಒಡೆದ ದನಿ, ಆದರೂ ಪಿಟೀಲಿನ ಪಕ್ಕದಲ್ಲೇ ಹೋಗಿ ಕೂತಿತು. ಎಲ್ಲಿಯ ಹುಡುಗಿ, ಎಲ್ಲಿಯ ಚಿಗವ್ವ. ಇಷ್ಟು ವರ್ಷ ಕಥೆ ಹೇಳಿಕೊಂಡೇ ಬಂದವನು ನಾನು, ಇದನ್ನು ಯಾರಿಗೆ ಹೇಗೆ ಹೇಳಲಿ?

ಇವತ್ತು ನಸುಕಿನಲ್ಲಿ ಎಚ್ಚರವಾದದ್ದು ಬೀಸುವ ಕಲ್ಲಿನ ಸದ್ದಿಗೆ. ಚಿಗವ್ವ ಹಾಡುತ್ತಿದ್ದಳು. ಎದುರಿಗೆ ಗೂಟ ಹಿಡಿದು ಕೂತು, ಸೊಲ್ಲು ತಪ್ಪಿಸಿ ತಪ್ಪಿಸಿ ಬೈಸಿಕೊಳ್ಳುತ್ತಿದ್ದವಳು ರಾಜಾಬೀ.